ಏಕಾದಶಿಯ ದಿನ, ಒಂಬತ್ತು ಸಾವಿರ ಅಡಿ ಮೇಲೆ

ಹಿಮದಲ್ಲಿ ಜಾರಿ ಬಿದ್ದು ಎದ್ದ ಕಥೆ ಇರಬಹುದು ಅಂದುಕೊಂಡಿದ್ದರೆ ಒಂದು ನಿಮಿಷ ತಡೆಯಿರಿ. ಇದು ಸ್ಕೀ ರೆಸಾರ್ಟಿನ ಹೋಟೆಲ್ ರೂಮಿನೊಳಗೆ, ಬೆಚ್ಚಗಿನ ಕಾರ್ಪೆಟ್ ಮೇಲೆ ನಡೆದದ್ದು. ಸ್ಕೀ ಮುಟ್ಟದೇ ಇದ್ದವರಿಗೆ ಆದದ್ದು. ಸ್ವಲ್ಪ ಕಾದು ಓದಿ.

ಅದು 2016ರ ಡಿಸೆಂಬರ್. ಆಸ್ಟಿನ್ ಹತ್ತಿರದ ಸೀಡರ್ ಪಾರ್ಕ್‌ನಲ್ಲಿ ಮನೆ. ಕೆಲಸ ಮಾತ್ರ ದೂರದ ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ, ಪರಿಚಯದ ಅಂಕಲ್ ಒಬ್ಬರ ಸಣ್ಣ ಟ್ರಾವೆಲ್ ಕಂಪನಿಯಲ್ಲಿ. ನನ್ನ ಹುದ್ದೆ ಟ್ರಿಪ್ ಲೀಡರ್. ಕೇಳಲು ಜೋರಾಗಿದೆ, ಅಲ್ಲವೇ? ಬಸ್ ಗೊತ್ತು ಮಾಡುವುದು, ರೂಮ್ ಹಂಚುವುದು, ಉಪ್ಪಿಟ್ಟಿನ ಡಬ್ಬ ಯಾರ ಸೀಟಿನ ಕೆಳಗಿದೆ ಎಂದು ನೆನಪಿಡುವುದು, ಎಲ್ಲವೂ ಅದರಲ್ಲಿ ಸೇರಿತ್ತು. ಸ್ಕೀಯಿಂಗ್ ನಾನು ವಿಡಿಯೋ ನೋಡಿ, ಬಿದ್ದು ಬಿದ್ದು ಕಲಿತದ್ದು. ಬೆಟ್ಟದ ಮೇಲಿನ ಕಾಯಿಲೆಗಳ ಬಗ್ಗೆ ಓದಿದ್ದೂ ಹಾಗೆಯೇ, ಯಾರೂ ಹೇಳಿಕೊಡದೆ. ಆ ಹುಚ್ಚಿನಲ್ಲೇ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಪುಟ್ಟ ಮೀಟರ್ ಒಂದನ್ನು ಕೊಂಡು ಜಾಕೆಟ್ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಕ್ರಿಸ್‌ಮಸ್ ರಜೆಗೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡ ಕುಟುಂಬಗಳನ್ನು ಒಂದೇ ಬಸ್ಸಿನಲ್ಲಿ ನ್ಯೂ ಮೆಕ್ಸಿಕೋದ ಬೆಟ್ಟಕ್ಕೆ ಕರೆದುಕೊಂಡು ಹೊರಟೆವು. ಡಲ್ಲಾಸ್ ಇರುವುದು ಸಮುದ್ರಮಟ್ಟದಿಂದ ಸುಮಾರು ಐನೂರು ಅಡಿ ಎತ್ತರದಲ್ಲಿ, ನಮ್ಮ ಹೋಟೆಲ್ ಒಂಬತ್ತು ಸಾವಿರದಲ್ಲಿ. ಒಂದೇ ಹಗಲಲ್ಲಿ ಅಷ್ಟು ಏರಿದರೆ ಕೆಲವರ ದೇಹ ಮುಷ್ಕರ ಹೂಡುತ್ತದೆ. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು. ಇದನ್ನೇ ಆಲ್ಟಿಟ್ಯೂಡ್ ಸಿಕ್‌ನೆಸ್ ಎನ್ನುತ್ತಾರೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಮೆದುಳೇ ಊದಿಕೊಳ್ಳುತ್ತದೆ. ಅಂಥವರನ್ನು ತಕ್ಷಣ ಕೆಳಗೆ ಇಳಿಸದಿದ್ದರೆ ಜೀವಕ್ಕೇ ಅಪಾಯ. ಬಸ್ಸಿನಲ್ಲಿ ಮೈಕ್ ಹಿಡಿದು ಇಷ್ಟನ್ನೂ ಹೇಳಿ, ನೀರು ಕುಡಿಯುತ್ತಲೇ ಇರಿ ಎಂದು ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿ ಅಂತ್ಯಾಕ್ಷರಿಗೆ ವಾಪಸಾದರು.

ಆ ಬಸ್ಸಿನಲ್ಲಿ ಪದ್ಮಾ ಆಂಟಿ ಇದ್ದರು. ವಯಸ್ಸು ಎಪ್ಪತ್ತರ ಹತ್ತಿರ, ಊರು ಧಾರವಾಡ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮಗ ರಾಘಣ್ಣ, ಸೊಸೆ ವೀಣಕ್ಕನ ಜೊತೆ ಇದ್ದವರು. ದಾರಿಯುದ್ದಕ್ಕೂ ನನ್ನನ್ನು ಗೋಳು ಹೊಯ್ದುಕೊಂಡಿದ್ದರು. "ತಮ್ಮಾ, ಕಟ್ಟಿಗಿ ಕಾಲಿಗೆ ಕಟ್ಕೊಂಡು ಜಾರಲಿಕ್ಕೆ ರೊಕ್ಕ ಕೊಡ್ತಾರಲ್ಲ, ನಮ್ಮ ಹಿತ್ತಲದಾಗ ಪಾಚಿ ಮ್ಯಾಲೆ ಪುಕ್ಕಟೆ ಜಾರತಿದ್ವಿ."

ತಲುಪಿದ ಮರುದಿನ ಅವರಿಗೆ ತಲೆನೋವು ಶುರುವಾಯಿತು. ಲಾಬಿಯಲ್ಲಿ ಸಿಕ್ಕಾಗ ಹಣೆ ಒತ್ತಿಕೊಳ್ಳುತ್ತಿದ್ದರು. ಕೇಳಿದರೆ, "ಪಿತ್ತ ಏರ್ಯದ ಅಷ್ಟ," ಎಂದರು. ನೀರು ಕುಡಿಯಿರಿ, ಇವತ್ತು ವಿಶ್ರಾಂತಿ ತಗೊಳ್ಳಿ ಎಂದೆ. ಸರಿ ಎಂದು ತಲೆಯಾಡಿಸಿದರು. ಮರುದಿನ ಏಕಾದಶಿ ಎಂಬುದು ನನಗೆ ಗೊತ್ತಿರಲಿಲ್ಲ. ಅವರದು ನಿರ್ಜಲ ಉಪವಾಸ, ಅಂದರೆ ಒಂದು ಹನಿ ನೀರೂ ಇಲ್ಲ. ಅದರ ಮರುದಿನ ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿ ಉಪವಾಸ ಬಿಟ್ಟ ಮೇಲೆಯೇ ಊಟ, ನೀರು. ಮದುವೆಯಾದಾಗಿನಿಂದ ಒಂದನ್ನೂ ಬಿಟ್ಟವರಲ್ಲವಂತೆ.

ಏಕಾದಶಿಯ ಬೆಳಿಗ್ಗೆ ಉಳಿದವರನ್ನು ಸ್ಕೀ ಶಾಲೆಗೆ ಬಿಟ್ಟು, ವೀಣಕ್ಕನಿಗೆ ಕೈಗವಸು ಕೊಡಲು ಅವರ ರೂಮಿಗೆ ಹೋದೆ. ಬಾಗಿಲು ತೆಗೆದದ್ದು ರಾಘಣ್ಣ. ಟಿವಿ ಪಕ್ಕದ ಮೇಜನ್ನು ಒರೆಸಿ, ಅದರ ಮೇಲೆ ಪುಟ್ಟ ಕೃಷ್ಣನನ್ನು ಇಟ್ಟು ಆಂಟಿ ಪೂಜೆ ಮುಗಿಸುತ್ತಿದ್ದರು. ಹೊಗೆಗೆ ಹೋಟೆಲಿನ ಅಲಾರಾಂ ಹೊಡೆದೀತೆಂದು ಆರತಿ ಹಚ್ಚಿರಲಿಲ್ಲ. ಕೈ ಮುಗಿದು ಪ್ರದಕ್ಷಿಣೆಗೆ ನಿಂತಲ್ಲೇ ತಿರುಗಿದರು. ಅರ್ಧ ಸುತ್ತಿಗೆ ಎಡಕ್ಕೆ ವಾಲಿದರು. ಮೇಜು ಹಿಡಿದು ನಿಂತು, ಮತ್ತೆ ತಿರುಗಲು ಹೋಗಿ ಮತ್ತೆ ಎಡಕ್ಕೇ ವಾಲಿದರು. ವೀಣಕ್ಕ ಓಡಿ ಹಿಡಿದುಕೊಂಡರು.

"ಇವತ್ತ ಏಕಾದಶಿ ಉಪವಾಸ ನೋಡು, ತ್ರಾಣ ಇಲ್ಲ," ಎಂದ ರಾಘಣ್ಣ, ನನಗೆ ಸಮಾಧಾನ ಹೇಳುವವನಂತೆ.

ನನಗೆ ಓದಿದ್ದು ನೆನಪಾಯಿತು. ಮೆದುಳಿಗೆ ತೊಂದರೆ ಶುರುವಾದರೆ ಮೊದಲು ಕೆಡುವುದು ನಡಿಗೆಯ ಹದ. ಬೆರಳಿಗೆ ಮೀಟರ್ ಹಾಕಿದೆ. ಆ ಎತ್ತರದಲ್ಲಿ ನಮ್ಮಂಥವರಿಗೆ ತೊಂಬತ್ತರ ಆಸುಪಾಸು ಬರುತ್ತಿತ್ತು. ಅವರಿಗೆ ಎಪ್ಪತ್ತಾರು.

"ಕೈ ತಣ್ಣಗಾಗ್ಯಾವ, ಅದಕ್ಕ ಕಡಿಮಿ ತೋರಸ್ತದ," ಎಂದ ರಾಘಣ್ಣ. ಅದೂ ನಿಜವೇ, ತಣ್ಣನೆಯ ಬೆರಳಲ್ಲಿ ಮೀಟರ್ ತಪ್ಪು ತೋರಿಸುವುದುಂಟು. ಕಾರ್ಪೆಟ್ಟಿನಲ್ಲಿ ಒಂದು ನೇರ ಪಟ್ಟಿ ಇತ್ತು. ಅದರ ಮೇಲೆ ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ತುದಿ ತಾಗುವಂತೆ ನಡೆಯಿರಿ ಆಂಟಿ ಎಂದೆ.

"ಹೊಸ ಪ್ರದಕ್ಷಿಣಿ ಏನೋ ಇದು?" ಎಂದರು. ನಾಲಿಗೆ ದಪ್ಪಗಾದಂತೆ ಮಾತು ಎಳೆಯುತ್ತಿತ್ತು. ಎರಡನೇ ಹೆಜ್ಜೆಗೇ ವೀಣಕ್ಕನ ಮೇಲೆ ಬಿದ್ದರು.

"ಇವರನ್ನ ಈಗಲೇ ಕ್ಲಿನಿಕ್‌ಗೆ ಕರ್ಕೊಂಡ್ ಹೋಗ್ಬೇಕು ರಾಘಣ್ಣ. ಆಮೇಲೆ ಬೆಟ್ಟ ಇಳಿಸ್ಬೇಕು."

"ವಿಡಿಯೋ ನೋಡಿ ಡಾಕ್ಟರ್ ಆಗೀಯೇನಪಾ ನೀನು?" ರಾಘಣ್ಣನ ದನಿ ಏರಿತು. "ನಲವತ್ತು ವರ್ಷ ನೋಡೇನಿ ನಮ್ಮಮ್ಮನ ಉಪವಾಸ. ದವಾಖಾನಿಗೆ ಒಯ್ದರ ಮೊದಲ ನೀರು ಹಾಕ್ತಾರ. ಜೀವಮಾನದ ವ್ರತ ಅದು. ನಾಳೆ ಮುಂಜಾನೆ ಪಾರಣಿ ಆದ್ರ ಎಲ್ಲಾ ಸರಿ ಹೋಗ್ತದ."

ಅವನ ತರ್ಕ ನನ್ನ ಓದಿಗಿಂತ ಗಟ್ಟಿಯಾಗಿಯೇ ಇತ್ತು. ಉಪವಾಸಕ್ಕೂ ತಲೆನೋವು, ವಾಕರಿಕೆ, ಸುಸ್ತು; ಎತ್ತರಕ್ಕೂ ಅವೇ. ಹೊರಗೆ ಹಿಮ ಸುರಿಯುತ್ತಿತ್ತು, ಇಳಿಯುವ ರಸ್ತೆ ಯಾವಾಗ ಬೇಕಾದರೂ ಮುಚ್ಚಬಹುದಿತ್ತು. ನಾನು ವೀಣಕ್ಕನ ಕಡೆ ತಿರುಗಿದೆ.

"ಅಕ್ಕ, ಪ್ರತಿ ಏಕಾದಶಿಗೂ ಆಂಟಿ ಹೀಗೇ ವಾಲ್ತಾರಾ?"

ವೀಣಕ್ಕ ಅತ್ತೆಯನ್ನು ಹಾಸಿಗೆಯ ಮೇಲೆ ಕೂರಿಸಿ, ಗಂಡನ ಕಡೆ ನೋಡದೆ ಹೇಳಿದರು. "ಇಲ್ಲ. ಏಕಾದಶಿ ದಿನ ಅತ್ತಿ ಬೆಡ್‌ಶೀಟ್ ಪೂರಾ ಒಗೀತಾರ, ಫ್ರಿಜ್ ತೊಳೀತಾರ. ನಾ ಕೂಡ್ರಿ ಅಂದ್ರೂ ಕೂಡಂಗಿಲ್ಲ. ನೀವು ಆಫೀಸಿಗೆ ಹೋಗಿರ್ತೀರಿ. ನಿಮಗೇನು ಗೊತ್ತು?"

ರಾಘಣ್ಣ ತಾಯಿಯ ಬೂಟು ಹುಡುಕತೊಡಗಿದ.

ಕ್ಲಿನಿಕ್ ಹೋಟೆಲಿನಿಂದ ಕೂಗಳತೆಯಲ್ಲಿತ್ತು. ಹೋಟೆಲಿನವರ ವ್ಯಾನಿನಲ್ಲಿ ಆಂಟಿ ನನ್ನ ತೋಳು ಹಿಡಿದು, "ತಮ್ಮಾ, ಬಾಯಾಗ ಏನೂ ಹಾಕಬ್ಯಾಡ್ರಿ ಅಂತ ಹೇಳು," ಎಂದರು. ಡಾಕ್ಟರ್ ನನ್ನ ಅನುಮಾನವೇ ಸರಿ, ಎತ್ತರಕ್ಕೆ ಮೆದುಳು ಊದಿಕೊಂಡಿದೆ ಎಂದರು. ಒಂದು ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಮಾಸ್ಕ್ ಹಾಕಿದರು. "ಇದು ಬರೀ ಗಾಳಿ ಆಂಟಿ," ಎಂದೆ. ತಲೆಯಾಡಿಸಿದರು. ಅಷ್ಟರಲ್ಲೇ ಅವರ ಕಣ್ಣು ಎಳೆಯುತ್ತಿತ್ತು, ಸೊಸೆಯನ್ನು ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ದೇಹ ಒಣಗಿದೆ, ಡ್ರಿಪ್ ಹಾಕಲೇ ಎಂದು ಡಾಕ್ಟರ್ ರಾಘಣ್ಣನನ್ನು ಕೇಳಿದರು. ಅವನು ತಾಯಿಯ ಮುಖ ನೋಡಿದ. ಕೇಳಿ ಉತ್ತರ ಪಡೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಹಾಕ್ರಿ," ಎಂದ. ಕನ್ನಡದಲ್ಲೇ ಹೇಳಿದ್ದು. ಡಾಕ್ಟರಿಗೆ ಅರ್ಥವಾಯಿತು.

ಆಂಬುಲೆನ್ಸ್ ಹಿಮ ತಳ್ಳುವ ಗಾಡಿಯ ಹಿಂದೆ ನಿಧಾನವಾಗಿ ಬೆಟ್ಟ ಇಳಿಯಿತು. ರಾಘಣ್ಣ ಅದರಲ್ಲಿ, ನಾನೂ ವೀಣಕ್ಕನೂ ವ್ಯಾನಿನಲ್ಲಿ ಹಿಂದೆ. ದಾರಿಯುದ್ದಕ್ಕೂ ವೀಣಕ್ಕ ಕೇಳಿದ್ದು ಒಂದೇ ಮಾತು: "ನಿನ್ನೆ ತಲಿನೋವು ಅಂದಾಗನ ಇಳಿಸಬೇಕಿತ್ತೇನು?" ನಾನು ಗೊತ್ತಿಲ್ಲ ಅಂದೆ. ಈಗಲೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಆಂಟಿಗೆ ಪೂರ್ತಿ ಎಚ್ಚರವಾಯಿತು. ವೀಣಕ್ಕನನ್ನು ವೀಣಾ ಎಂದೇ ಕರೆದರು. ನಮಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರ ದೃಷ್ಟಿ ಕೈಗೆ ಚುಚ್ಚಿದ್ದ ಸೂಜಿಯ ಮೇಲೆ ಹೋಯಿತು. ಅಲ್ಲಿಂದ ಕೊಳವೆಗುಂಟ ಮೇಲೆ, ತೂಗುತ್ತಿದ್ದ ಚೀಲದವರೆಗೆ ನೋಡಿದರು.

"ಯಾವಾಗ ಹಾಕಿದ್ರು?"

"ನಿನ್ನೆ," ಎಂದ ರಾಘಣ್ಣ. "ನಾನ ಹಾಕ್ರಿ ಅಂದೆ, ಅಮ್ಮಾ."

ಆಂಟಿ ಗೋಡೆಯ ಕಡೆ ಮುಖ ಮಾಡಿದರು. ನರ್ಸ್ ತಿಂಡಿಯ ತಟ್ಟೆ ತಂದಿಟ್ಟು ಹೋದಳು. ರಾಘಣ್ಣ ಮಂಚದ ಪಕ್ಕ ನಿಂತೇ ಇದ್ದ. ಕೊನೆಗೆ ಆಂಟಿ ತಿರುಗದೆಯೇ ಕೇಳಿದರು, "ನೀ ಏನರ ತಿಂದೀಯೇನು ನಿನ್ನೆಯಿಂದ?"

"ಇಲ್ಲ."

"ನೀರು?"

"ಇಲ್ಲಮ್ಮಾ."

"ಹಂಗಾರ ನಮ್ಮನ್ಯಾಗ ಏಕಾದಶಿ ತಪ್ಪಿಲ್ಲ," ಎಂದರು. ಕಣ್ಣೀರು ದಿಂಬಿಗೆ ಇಳಿಯುತ್ತಿತ್ತು. "ಕೂಡು. ಮೊದಲ ನೀ ಪಾರಣಿ ಮಾಡು."

ಆಮೇಲೆ ಎಷ್ಟೋ ಗುಂಪುಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಮೈಕ್ ಹಿಡಿದು ಕಾಯಿಲೆಯ ಲಕ್ಷಣ ಓದುವುದನ್ನು ಕಡಿಮೆ ಮಾಡಿದೆ. ಅದರ ಬದಲು ಹೊರಡುವ ಮೊದಲೇ ಮನೆಮನೆಗೂ ಫೋನ್ ಮಾಡಿ, ಹಿರಿಯರ ಜೊತೆ ಹಗಲೆಲ್ಲ ಇರುವವರು ಯಾರು ಎಂದು ಕೇಳಿ, ಅವರ ಹತ್ತಿರವೇ ಮಾತಾಡುತ್ತೇನೆ. ಮೀಟರ್ ತೋರಿಸುವುದು ಒಂದು ಅಂಕಿ. ಈ ಸುಸ್ತು, ಈ ವಾಲುವುದು ಈ ಮನುಷ್ಯರಿಗೆ ಸಹಜವೋ ಅಲ್ಲವೋ ಎಂದು ಹೇಳಬಲ್ಲವರು ಮನೆಯಲ್ಲಿರುತ್ತಾರೆ. ಅವರನ್ನು ಕೇಳುವುದೇ ಈ ಕೆಲಸ ಎಂದು ನಾನು ಕಲಿತೆ.

ನೀವೂ ಮನೆಯ ಹಿರಿಯರನ್ನು ಎತ್ತರದ ಊರಿಗೆ ಕರೆದುಕೊಂಡು ಹೋಗಿದ್ದೀರಾ? ಅವರು ಏನಿಲ್ಲ ಏನಿಲ್ಲ ಎನ್ನುತ್ತಿದ್ದರೂ ಏನೋ ಸರಿಯಿಲ್ಲ ಎಂದು ನಿಮಗೆ ಹೊಳೆದದ್ದು ಹೇಗೆ? ದಯವಿಟ್ಟು ಕೆಳಗೆ ಬರೆಯಿರಿ. ನಿಮ್ಮ ಒಂದು ಸಾಲು ಯಾರನ್ನೋ ಸಕಾಲಕ್ಕೆ ಬೆಟ್ಟದಿಂದ ಇಳಿಸಬಹುದು.