ಮಡಿಕೆ ಮುರಿಯದ ಸೀರೆಗಳು

ಹೊಸದುರ್ಗದ ಕಾಲೇಜೊಂದರಲ್ಲಿ ಕೆಲಸ ಸಿಕ್ಕ ಎರಡನೆಯ ವರ್ಷ. ಮತ್ತೋಡಿನಲ್ಲಿದ್ದ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೀಪಾವಳಿಯೊಳಗೆ ಆಪರೇಷನ್ ಮಾಡಿಸುತ್ತೇನೆಂದು ಹೇಳಿದ್ದೆ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಎಸ್‌ಟಿಡಿ ಬೂತಿನಿಂದ ಅವಳ ಪಕ್ಕದ ಮನೆಗೆ ಫೋನ್ ಮಾಡಿ, ರಜೆ ಸಿಗುತ್ತಿಲ್ಲ ಎಂದೆ. ರಜೆ ಇತ್ತು. ದುಡ್ಡಿರಲಿಲ್ಲ.

ತಿಂಗಳಿಗೆ ಎರಡು ಶನಿವಾರ ಚಿತ್ರದುರ್ಗದ ಬಸ್ಸು ಹತ್ತಿ ಸೀರೆ ಅಂಗಡಿಗೆ ಹೋಗುತ್ತಿದ್ದೆ. ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂತರೆ ಕುಡಿಯಲು ನೀರು ತಂದಿಡುತ್ತಿದ್ದರು. "ಮೇಡಂ, ಇದು ನಿಮಗೇ ಅಂತ ಎತ್ತಿಟ್ಟಿದ್ದೆ ನೋಡ್ರಿ" ಎನ್ನುತ್ತಿದ್ದರು ಮಾಲೀಕರು. ಸುಳ್ಳೆಂದು ಗೊತ್ತಿತ್ತು. ಆದರೂ ಅವರು ಒಂದರ ಮೇಲೊಂದು ಬಿಚ್ಚುತ್ತಾ ಹೋದರೆ ಎದ್ದು ಬರಲಾಗುತ್ತಿರಲಿಲ್ಲ. ಎರಡೋ ಮೂರೋ ಕಟ್ಟಿಸಿಕೊಳ್ಳುತ್ತಿದ್ದೆ. ವಾಪಸು ಬರುವಾಗ, ಹೊಳಲ್ಕೆರೆ ದಾಟುವ ಹೊತ್ತಿಗೆ ತೊಡೆಯ ಮೇಲಿನ ಕವರು ಬೇರೆ ಯಾರದೋ ಅನ್ನಿಸುತ್ತಿತ್ತು.

ಹೊಸ ಬಟ್ಟೆಯ ತುದಿಗೆ ಅರಿಶಿನ ಹಚ್ಚದೆ ಒಳಗಿಡಬಾರದೆಂದು ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ರೂಮಿಗೆ ಬಂದೊಡನೆ ಅಷ್ಟು ಹಚ್ಚಿ, ಟ್ರಂಕಿನಲ್ಲಿಟ್ಟು, ಅನ್ನಕ್ಕಿಡುತ್ತಿದ್ದೆ. ಉಟ್ಟು ನೋಡಬೇಕೆಂದೂ ಅನ್ನಿಸುತ್ತಿರಲಿಲ್ಲ.

ಶಿವರಾತ್ರಿಗೆ ಮುಂಚೆ ಅಮ್ಮನೇ ಬಂದಳು. ಹೊದಿಕೆ ಹುಡುಕಲು ಟ್ರಂಕು ತೆಗೆದವಳು ಸೀರೆಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದಳು. ಕಾಣದೆ, ಬೆರಳಿನಿಂದ ಮುಟ್ಟಿ ನೋಡಿದಳು.

"ಲೇ, ಒಂದರದೂ ಮಡಿಕೆ ಮುರಿದಿಲ್ಲ. ಅಂಗಡಿ ಇಡ್ತೀಯೇನೆ?"

"ಇಲ್ಲ."

"ರಜಾ ಸಿಗಲ್ಲ ಅಂದಿದ್ದು ಇದಕ್ಕಾ?"

ಹೌದೆಂದೆ. ಅವಳು ಬೈಯಲಿಲ್ಲ. ಇನ್ನೊಂದರ ಅಂಚನ್ನು ಬೆರಳಿನಿಂದ ಸವರಿ, "ಈ ನೀಲಿದು ಚೆನ್ನಾಗೈತೆ" ಎಂದಳು. ಅದು ಹಸಿರು.

ಮರುದಿನ, ಈಚೆಗೆ ಕೊಂಡಿದ್ದ ಎಂಟು ಸೀರೆ ವಾಪಸು ಕೊಡಲು ಹೊತ್ತು ಚಿತ್ರದುರ್ಗಕ್ಕೆ ಹೋದೆ. ಮಾಲೀಕರು ಒಂದರ ಸೆರಗು ಬಿಡಿಸಿ ನೋಡಿದರು.

"ಅರಿಶಿನ ಹಚ್ಚಿಬಿಟ್ಟೀರಲ್ರೀ ಮೇಡಂ! ಇದು ನಿಮ್ಮನೇದಾತು. ಇನ್ನೊಬ್ರಿಗೆ ಹೆಂಗೆ ಮಾರ್ಲಿ ಹೇಳ್ರಿ?"

ಎಂಟಕ್ಕೂ ಹಚ್ಚಿದ್ದೆ. ಅವರು ನೀರು ತರಿಸಿದರು, ಅಭ್ಯಾಸಬಲದಿಂದ ಹೊಸದೊಂದನ್ನು ನನ್ನ ಮುಂದೆ ಹಾಸಿದರು, "ಈ ಬಣ್ಣ ಹೆಂಗೈತೆ?" ಎಂದರು. ನಾನು ಬರುತ್ತಿದ್ದದ್ದು ಈ ಪ್ರಶ್ನೆಗೆ ಎಂದು ಆಗ ತಿಳಿಯಿತು. ಪಾಠದ ಹೊತ್ತು ಬಿಟ್ಟರೆ ವಾರವಿಡೀ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬೇಡವೆಂದು ಎದ್ದೆ. ತಿಳಿದದ್ದಕ್ಕೆ ಸಮಾಧಾನವೇನೂ ಆಗಲಿಲ್ಲ.

ಅಮ್ಮ ಊರಿಗೆ ಮರಳಿದ ಮೇಲೆ, ಸಂಬಳದ ದಿನವೇ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಮ್ಮನ ಕೈಗೆ ಕೊಡತೊಡಗಿದೆ. ಶನಿವಾರ ಮತ್ತೋಡಿನ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಮಾತ್ರ ತಡೆಯಲಾಗದೆ ಒಂದು ಸೀರೆ ತಂದೆ. ಅರಿಶಿನ ಹಚ್ಚದೆ ಒಂದು ವಾರ ಮೇಜಿನ ಮೇಲಿಟ್ಟು, ವಾಪಸು ಕೊಟ್ಟು ಬಂದೆ.

ಮಳೆಗಾಲ ಹಿಡಿಯುವ ಮೊದಲು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅಮ್ಮನ ಎಡಗಣ್ಣಿನ ಆಪರೇಷನ್ ಆಯಿತು. ಬಲಗಣ್ಣಿನಲ್ಲಿ ಪೊರೆ ಬಲಿತು, ಒತ್ತಡವೇರಿ, ನರ ಹೋಗಿದೆ, ಇನ್ನು ಅದರಲ್ಲಿ ನೋಟ ಬರುವುದಿಲ್ಲ ಎಂದರು ಡಾಕ್ಟರು.

"ಯಾವಾಗ ಬಂದಿದ್ರೆ ಆಗ್ತಿತ್ತು?" ಅಮ್ಮ ಕೇಳಿದಳು.

"ನಾಲ್ಕೈದು ತಿಂಗಳ ಹಿಂದೆ ಬರಬೇಕಿತ್ತಮ್ಮ."

ಅಮ್ಮ ನನ್ನ ಕಡೆ ತಿರುಗಲಿಲ್ಲ. "ಅಕ್ಕಿ ಆರ್ಸಾಕೆ ಒಂದು ಸಾಕು ಬಿಡ್ರಿ" ಎಂದು ಅವರಿಗೆ ಹೇಳಿ, ಕೈಚೀಲಕ್ಕಾಗಿ ತಡವಿದಳು. ನಾನು ಎತ್ತಿಕೊಟ್ಟೆ.

"ನಡಿ, ಹೋಗಾಣ. ಬಸ್ ತಪ್ತೈತೆ."