ಮಂಗನ ಜಾತಿ, ಹಕ್ಕಿ ಜಾತಿ

ನಮ್ಮ ಟೀಚರ್ ತುಂಬಾ ಎತ್ತರ. ಬಾಗಿಲು ದಾಟುವಾಗ ತಲೆ ತಗ್ಗಿಸಿ ತಗ್ಗಿಸಿ, ಕೊನೆಗೆ ಬಟ್ಟಬಯಲಲ್ಲೂ ಕುತ್ತಿಗೆ ಬಗ್ಗಿಸಿಯೇ ನಡೆಯುತ್ತಿದ್ದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಾನು ಮದುವೆಯಾಗಿ ತೋಡಾರಿಗೆ ಬಂದು ನೋಡಿದರೆ ಪಕ್ಕದ ಮನೆಯಲ್ಲೇ ಇದ್ದಾರೆ, ನಿವೃತ್ತರಾಗಿ, ಒಬ್ಬರೇ.

ಹಲಸಿನ ಮರಕ್ಕೆ ಮಂಗಗಳ ಹಿಂಡು ಬಂದರೆ ನಾವೆಲ್ಲ ಪಟಾಕಿ ಹುಡುಕುತ್ತಿದ್ದೆವು, ಟೀಚರ್ ಕುರ್ಚಿ ಹುಡುಕುತ್ತಿದ್ದರು. "ನೋಡು, ಮಂಗನಿಗೆ ಒಂಟಿಯಾಗಿ ಇರ್ಲಿಕ್ಕೆ ಆಗುವುದಿಲ್ಲ. ಬೆನ್ನಿನ ಹೇನು ತೆಗೀಲಿಕ್ಕಾದ್ರೂ ಇನ್ನೊಂದು ಬೇಕು. ಕಡಲಿನ ರೀವಹಕ್ಕಿ ಹಾಗಲ್ಲ. ರೆಕ್ಕೆ ಬಲಿತ ಮೇಲೆ ವರ್ಷಗಟ್ಟಲೆ ನೆಲ ಮುಟ್ಟುವುದಿಲ್ಲ, ನಿದ್ದೆಯೂ ಆಕಾಶದಲ್ಲೇ. ನೀವೆಲ್ಲ ಮಂಗನ ಜಾತಿ, ನಾನು ಹಕ್ಕಿ ಜಾತಿ ಮಾರಾಯ್ತಿ." ಹಾಗೆಂದು ತಾವೇ ನಗುತ್ತಿದ್ದರು. ನನಗೆ ಆ ನಗು ಅಷ್ಟು ಹಿಡಿಸುತ್ತಿರಲಿಲ್ಲ.

ಒಂದು ಮಳೆಗಾಲದ ಬಿರುಗಾಳಿಗೆ ಅದೇ ರೀವ ಜಾತಿಯ ಹಕ್ಕಿಯೊಂದು ದಾರಿ ತಪ್ಪಿ ಬಂದು ಅವರ ಬಾವಿಕಟ್ಟೆಯ ಬಳಿ ಬಿತ್ತು. ಕೆರೆಗೆ ಬಿಡುವ ಎಂದೆ.

"ಬೇಡ, ಇದರ ಗರಿ ನೆನೆದ್ರೆ ಮುಳುಗ್ತದೆ. ನಿಮ್ಮಲ್ಲಿ ಬೂತಾಯಿ ಮೀನು ಉಂಟಾ?"

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಟೀಚರ್ ಜೈನರು, ಆ ಮನೆಯೊಳಗೆ ಈರುಳ್ಳಿಯೂ ಹೋದದ್ದಿಲ್ಲ. ಮೀನು ತಂದು ನಾನೇ ತಿನ್ನಿಸಹೋದರೆ ಹಕ್ಕಿ ಕೊಕ್ಕು ತೆರೆಯಲಿಲ್ಲ. "ಕೊಡು ಇಲ್ಲಿ" ಎಂದವರೇ ಕಣ್ಣು ಮುಚ್ಚಿಕೊಂಡು ಒಂದು ತುಂಡು ಎತ್ತಿ ಅದರ ಬಾಯಿಗಿಟ್ಟರು. ನುಂಗಿತು. ಮೀನು ಮುಟ್ಟಿದ್ದಕ್ಕೆ ಉಪವಾಸ ಹಿಡಿದರು. ಉಪವಾಸವಿದ್ದುಕೊಂಡೇ ಮತ್ತೆ ಮೀನು ತಿನ್ನಿಸಿದರು.

ಆದರೂ ಹಕ್ಕಿ ಉಳಿಯಲಿಲ್ಲ. "ಸೆರಗಿನೊಳಗೆ ನುಗ್ಗಿ ನುಗ್ಗಿ ಕೂತಿತ್ತು ಮಾರಾಯ್ತಿ. ನಾನು ಏಳ್ಲಿಕ್ಕೆ ಹೋದ್ರೆ ಕೂಗ್ತಿತ್ತು" ಎಂದರು. ನನ್ನ ಮುಖ ನೋಡದೆ ಕೇಳಿದರು: "ಇವತ್ತು ನನ್ನೊಟ್ಟಿಗೆ ಊಟ ಮಾಡ್ತೀಯಾ?"

ಟೀಚರ್ ಸೂರ್ಯ ಮುಳುಗುವ ಮೊದಲೇ ಉಣ್ಣುವವರು. ಊರಿಗೆ ಚಹಾದ ಹೊತ್ತು, ಅವರಿಗೆ ರಾತ್ರಿಯ ಊಟ. ಹಾಗಾಗಿ ಅವರ ಜೊತೆ ಕೂತು ಉಂಡವರೇ ಇರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದೂ ನನಗದು ಹೊಳೆದಿರಲಿಲ್ಲ. ಅಂದಿನಿಂದ ಅತ್ತೆಯ ಗೊಣಗಾಟ ಕೇಳಿಸದವಳ ಹಾಗೆ ಸಂಜೆಯಾದರೆ ಅಲ್ಲಿಗೆ ಹೋಗುತ್ತಿದ್ದೆ. ಗಂಜಿ, ತೊಂಡೆಕಾಯಿ ಪಲ್ಯ, ಮತ್ತೆ ಟೀಚರ್ ಅವರ ಮುಗಿಯದ ಮಾತು. ಬಟ್ಟಲು ಒಣಗಿದರೂ ನನ್ನನ್ನು ಏಳಲು ಬಿಡುತ್ತಿರಲಿಲ್ಲ.

ಹೋದ ವರ್ಷ ಟೀಚರ್ ತೀರಿಕೊಂಡರು. ಈಗಲೂ ನನಗೆ ಬೆಳಕಿರುವಾಗಲೇ ಹಸಿವಾಗುತ್ತದೆ. ಮನೆಯವರು ಉಣ್ಣುವುದು ಒಂಬತ್ತಕ್ಕೆ. ನಾನು ಒಬ್ಬಳೇ ಬಡಿಸಿಕೊಂಡು ಕೂರುತ್ತೇನೆ.