ಗೇಣು ತಪ್ಪಿದ ಟೇಬಲ್

ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ನೆಲದ ಮೇಲೆ ಕೂಡುವುದನ್ನು ಡಾಕ್ಟರು ಬಿಡಿಸಿದ್ದರು. ನಾವೆಲ್ಲ ಚಾಪೆ ಹಾಸಿಕೊಂಡು ಸಾಲಾಗಿ ಉಣ್ಣುವಾಗ ಅವಳು ಅಡಿಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ, ತಾಟು ತೊಡೆಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಕರೆದರೆ, "ನೀವು ಉಣ್ರಿ, ನನಗಿಲ್ಲೇ ಆರಾಮೈತಿ" ಅನ್ನುವಳು. ನಾನು ಮೋಡವಿಲ್ಲದ ದಿನವೂ ತಾಡಪತ್ರಿ ಹುಡುಕುವ ಮನುಷ್ಯ. ನನ್ನ ನೂರು ಚಿಂತೆಗಳಲ್ಲಿ ತೊಂಬತ್ತೊಂಬತ್ತು ಸುಳ್ಳು. ಇದೊಂದು ಮಾತ್ರ ಖರೇ ಆಗಿತ್ತು: ಅವ್ವ ನಮ್ಮ ಪಂಕ್ತಿಯಿಂದ ಹೊರಗಾಗಿದ್ದಳು.

ಆಗ ನೆನಪಾದದ್ದು ಬೇಡಕಿಹಾಳದಲ್ಲಿ ಸೋದರಮಾವನ ತೋಟದ ಮನೆಯಲ್ಲಿದ್ದ ಊಟದ ಟೇಬಲ್. ಸಾಗವಾನಿಯದು, ಎಂಟು ಮಂದಿ ಕೂತರೂ ಮೊಣಕೈ ತಾಗದಷ್ಟು ಉದ್ದ. ಅಜ್ಜನ ಕಾಲದಲ್ಲಿ ತಂಬಾಕು ಕೊಳ್ಳಲು ಬಂದ ವ್ಯಾಪಾರಿಗಳಿಗೆ ಅದರ ಮೇಲೆ ಊಟ. ಅವ್ವ ಲಗ್ನವಾಗುವ ತನಕ ಆ ಟೇಬಲ್ಲಿಗೆ ಬಡಿಸಿದ್ದಾಳೆ. ಒಂದು ದಿನವೂ ಅದಕ್ಕೆ ಕೂತಿಲ್ಲ. ಈಗ ಅದರ ಮೇಲೆ ಗೊಬ್ಬರದ ಚೀಲಗಳು ಮಲಗಿದ್ದವು.

"ಒಯ್ಯಪಾ ಅಳಿಯಾ, ಬಿಂದಾಸ್ ಒಯ್ಯಿ. ಕೇಳದ ಒಯ್ದಿದ್ರೂ ನಡೀತಿತ್ತು" ಅಂದ ಮಾವ.

ಟೇಬಲ್ ಅಡ್ಡ ಮಲಗಿಸಿದರೆ ಕಾಲಿನ ಎತ್ತರ ನಮ್ಮ ಮನೆಬಾಗಿಲಿನ ಅಗಲದಲ್ಲಿ ಹಿಡಿಯಬೇಕು. ಮೂರು ಸಲ ಗೇಣು ಹಾಕಿ ಅಳೆದೆ, ಮೂರೂವರೆ ಬಂತು. ಅಳತೆಯ ಟೇಪು ಮಾವನ ಮನೆಯಲ್ಲಿತ್ತು, ನಿಜ. ಆದರೆ ಕೈ ಇರುವಾಗ ಟೇಪು ಹುಡುಕುವುದು ನಮ್ಮ ಕಡೆ ಸಣ್ಣತನ. ಅಲಖನೂರದ ನಮ್ಮ ಮನೆಯಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿದೆ.

"ಬಾಗಲಾ ಎಷ್ಟ ಗೇಣ ಐತಿ ನೋಡು."

"ನಾಕ ಗೇಣ ಪಕ್ಕಾ ಐತ್ರಿ."

"ಇನ್ನೊಮ್ಮೆ ನೋಡು."

"ಎಷ್ಟ ಸಲ ನೋಡಿದ್ರೂ ಅಷ್ಟರಿ. ಬೆಳ್ಯಾಕ ಅದೇನ ಕಬ್ಬೇನ್ರಿ?"

ಟ್ರ್ಯಾಕ್ಟರಿನ ದಾರಿಯುದ್ದಕ್ಕೂ ಹಗ್ಗ ಹರಿದೀತು, ಟಾಯರ್ ಒಡೆದೀತು, ಮಳೆ ಬಂದೀತು ಎಂದು ಚಿಂತಿಸಿದೆ. ಒಂದೂ ಆಗಲಿಲ್ಲ. ಚಿಂತಿಸದೆ ಬಿಟ್ಟಿದ್ದ ಒಂದೇ ಸಂಗತಿ ಬಾಗಿಲಲ್ಲಿ ಕಾದು ನಿಂತಿತ್ತು. ಟೇಬಲ್ ಮೂರು ಬೆರಳು ಹೆಚ್ಚಾಯಿತು. ಕಾಲುಗಳ ನಡುವೆ ದಪ್ಪ ಅಡ್ಡಪಟ್ಟಿ ಇದ್ದುದರಿಂದ ಓರೆ ಮಾಡಿದರೂ ನುಗ್ಗಲಿಲ್ಲ.

ಹೆಂಡತಿ ಬಂದು ಎಲ್ಲರ ಮುಂದೆ ತನ್ನ ಅಂಗೈಯನ್ನು ನನ್ನ ಅಂಗೈಗೆ ಹಚ್ಚಿದಳು. ಅವಳ ಬೆರಳ ತುದಿಗಳು ನನ್ನ ಬೆರಳಿನ ಕೊನೆಯ ಗೆಣ್ಣಿನಲ್ಲೇ ನಿಂತವು.

"ಲಗ್ನಾಗಿ ಇಪ್ಪತ್ತ ವರ್ಸಾತು. ನನ್ನ ಕೈ ಎಷ್ಟೈತಿ ಅಂತ ಇನ್ನೂ ಗೊತ್ತಿಲ್ಲೇನ್ರಿ?"

ಟ್ರ್ಯಾಕ್ಟರಿನವನೂ ನಕ್ಕ. ಪೂಜೆ ಮಾಡಿ ನಿಲ್ಲಿಸಿದ ಬಾಗಿಲ ಚೌಕಟ್ಟು ಕೀಳುವ ಮಾತಿಲ್ಲ. ಪಕ್ಕದ ಮನೆಯ ಬಡಿಗೇರ ಗರಗಸ ತಂದು, "ಕಾಲು ನಾಕ ಬೆರಳ ಕೊಯ್ದ ಒಗದ್ರ ಮುಗೀತ್ರಿ" ಅಂದ.

ಅಷ್ಟರಲ್ಲಿ ಅವ್ವ ಕೋಲೂರಿಕೊಂಡು ಹೊರಗೆ ಬಂದಳು. "ಗರಗಸ ಒಳಗಿಡೋ ತಮ್ಮಾ. ಈ ಮನ್ಯಾಗ ಕಾಲು ಕಳಕೊಂಡಾಕಿ ನಾ ಒಬ್ಬಾಕಿ ಇದ್ರ ಸಾಕು."

ಟೇಬಲ್ ಅಂಗಳದ ಪತ್ರಾಸ್ ತಗಡಿನ ಚಪ್ಪರದ ಕೆಳಗೇ ನಿಂತಿತು. ಅವ್ವ ಅದರ ಸುತ್ತ ಒಂದು ಸುತ್ತು ಹಾಕಿ, ಒಂದು ಕಡೆ ಇದ್ದ ಕಪ್ಪು ಬಳೆಯಂಥ ಕಲೆಯನ್ನು ಸವರಿದಳು. "ಇದ ನಾ ಮಾಡಿದ್ದು. ಬಿಸಿ ಬೋಗಾಣಿ ಹಂಗ ಇಟ್ಟಿದ್ದೆ. ಅಪ್ಪ ಎಷ್ಟ ಬೈದಿದ್ದ!" ಬೈಸಿಕೊಂಡದ್ದನ್ನು ಬಹುಮಾನ ಬಂದಂತೆ ಹೇಳಿದಳು.

"ಹಂಗಾದ್ರ ಅಲ್ಲೇ ಕುಂದರ್ ಬೇ" ಅಂದೆ.

"ನಾ ಕುಂತ್ರ ಬಿಸಿ ರೊಟ್ಟಿ ಹಾಕಾಕ ಒಬ್ಬರು ಒಳಗ ಇರಬೇಕಲಾ? ಸೊಸಿ ಒಬ್ಬಾಕಿ ಒಳಗ, ನಾ ಹೊರಗ, ಚಂದೇನು?"

ಹೆಂಡತಿ ಒಳಗೆ ಹೋಗಿ ಗ್ಯಾಸಿನ ಒಲೆಯನ್ನೇ ಹೊತ್ತು ತಂದು ಟೇಬಲ್ಲಿನ ತುದಿಗೆ ಇಟ್ಟಳು. ಹಳೇ ಕಟ್ಟಿಗೆ, ಬೆಂಕಿ, ಗಾಳಿ! ನಾನು ಒಂದು ಕೊಡ ನೀರು ತುಂಬಿ ಪಕ್ಕದಲ್ಲಿಟ್ಟುಕೊಂಡೆ.

ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಅವ್ವ ರೂಢಿಯಂತೆ ನನ್ನ ತಾಟಿಗೆ ದೂಡಿದಳು. ಹೆಂಡತಿ ಅದನ್ನೆತ್ತಿ ಮತ್ತೆ ಅವಳ ತಾಟಿಗೇ ಹಾಕಿದಳು. "ಇದ ನಿಮ್ದರಿ ಅತ್ತಿ."

ಅವ್ವ ಮೊಣಕೈ ಅಗಲಿಸಿ ಕೂತು, ಶೇಂಗಾ ಚಟ್ನಿ ಮೊಸರು ಕಲಸಿ, ಒಂದು ತಿಂದಳು, ಎರಡು ತಿಂದಳು. ಮೂರನೆಯದಕ್ಕೆ ತಾಟು ಮುಂದೆ ಚಾಚಿದಳು.

"ಆ ಯಾಪಾರಸ್ತರು ಒಮ್ಮೆ ಕುಂತ್ರ ಯಾಕ ಲಗೂ ಏಳ್ತಿರಲಿಲ್ಲ ಅನ್ನೂದು ಈಗ ತಿಳೀತ ನೋಡು."